ರೌಂಡ್ ಐಲೆಂಡಿನ ಹಲ್ಲಿ

ನಮ್ಮ ಮನೆಗಳಲ್ಲಿ ಹಲ್ಲಿಯ ವಿಚಾರವು ಪಂಚಾಂಗದ ಪತನಫಲದೊಡನೆ ಮುಗಿಯುವುದು ವಾಡಿಕೆ. ಸಂಸ್ಕೃತದಲ್ಲಿ ಅದಕ್ಕೆ ಗೃಹಗೋಧಿಕಾ ಎಂದೇ ಹೆಸರು. ಆದರೆ ಗೃಹವನ್ನೇ ಅರಿಯದೆ, ಬಹುಕಾಲ ಒಂದೇ ಕಿರುದ್ವೀಪವನ್ನು ಆಶ್ರಯಿಸಿ ಉಳಿದ ಹಲ್ಲಿಯೊಂದುಂಟು. ಅದರ ಇತಿಹಾಸವು ವಾಚಕರ ವಿಚಾರಕ್ಕೆ ಅರ್ಹವಾದುದು.

1834ರಿಂದ ನಮ್ಮ ದೇಶದ ಕೂಲಿಗಾರರು ಕಬ್ಬಿನ ತೋಟಗಳಿಗಾಗಿ ಹೋಗಿ ನೆಲೆಸಿದ ಮಾರಿಷಸ್ ದ್ವೀಪದ ಉತ್ತರಕ್ಕೆ ಸುಮಾರು 22 ಕಿಲೋಮೀಟರು ದೂರದಲ್ಲಿ ರೌಂಡ್ ಐಲೆಂಡ್ ಎಂಬ ಅಗ್ನಿಪರ್ವತಜನ್ಯವಾದ ದ್ವೀಪವಿದೆ. ಅದರ ವಿಸ್ತಾರ ಎರಡು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಅಲ್ಲಿಯ ಹಲ್ಲಿಯನ್ನು ಬೂಲಂಜರ್ ಎಂಬ ಪ್ರಾಣಿಶಾಸ್ತ್ರಜ್ಞನು 1885ರಲ್ಲಿ ವರ್ಣಿಸಿ, ಗುಂಥರ್ ಎಂಬ ವಿದ್ವಾಂಸನ ಹೆಸರನ್ನು ಅದಕ್ಕಿಟ್ಟನು. ಬಾಲವೂ ಸೇರಿ ಸುಮಾರು ಒಂದು ಅಡಿ ಉದ್ದ, ಬೂದುಗಂದು ಬಣ್ಣ. ಬೀಸಣಿಗೆಯಂತಹ ಗರಿಗಳುಳ್ಳ ಲಟಾನಿಯಾ ತಾಳೆಯೇ ಅದರ ಮುಖ್ಯ ಆಶ್ರಯ. ಕೀಟಗಳೂ ಹೂವಿನ ಮಕರಂದವೂ ಆಹಾರ. ಹಿಂದೆ ಈ ಹಲ್ಲಿಯು ಮಾರಿಷಸಿನಲ್ಲಿಯೂ ಇದ್ದಿತೆಂಬುದನ್ನು ಪ್ರಾಚೀನ ಅಸ್ಥಿಗಳು ಹೇಳುತ್ತವೆ. ಅಲ್ಲಿಗೆ ಹಡಗುಗಳೊಡನೆ ಇಲಿಗಳು ಬಂದವು, ಹಲ್ಲಿಯು ಅಳಿಯಿತು. ರೌಂಡ್ ಐಲೆಂಡನ್ನು ಇಲಿಗಳು ಸೇರಲಿಲ್ಲವಾದ ಕಾರಣ ಅಲ್ಲಿ ಉಳಿಯಿತು.

ಆದರೆ 19ನೆಯ ಶತಮಾನದಲ್ಲಿ ಮನುಷ್ಯರು ಆ ದ್ವೀಪದಲ್ಲಿ ಮೊಲಗಳನ್ನೂ ಆಡುಗಳನ್ನೂ ಬಿಟ್ಟರು. ಇವು ಹಲ್ಲಿಯನ್ನು ಮುಟ್ಟಲಿಲ್ಲ. ತಾಳೆಯ ಎಳೆಸಸಿಗಳನ್ನು ತಿಂದವು. ಮುದಿಮರಗಳು ಬಿದ್ದಲ್ಲಿ ಹೊಸ ಮರಗಳು ಏಳಲಿಲ್ಲ. ಬೇರಿನ ಹಿಡಿತ ತಪ್ಪಿದ ಮಣ್ಣು ಮಳೆಯಲ್ಲಿ ಕೊಚ್ಚಿ ಸಮುದ್ರ ಸೇರಿತು. 1957ರಲ್ಲಿ ದ್ವೀಪವನ್ನು ರಕ್ಷಿತಪ್ರದೇಶವೆಂದು ಸಾರಲಾಯಿತು. ಆಡುಗಳು ಸರಕಾರದ ಘೋಷಣೆಯನ್ನು ಓದಬಲ್ಲವೇ? ನೆಲವನ್ನು ಕೊರೆದು ಬದುಕುತ್ತಿದ್ದ ಅಲ್ಲಿಯ ಹಾವೊಂದು 1975ರ ಅನಂತರ ಯಾರ ಕಣ್ಣಿಗೂ ಬೀಳಲಿಲ್ಲ.

1976ರಲ್ಲಿ ಜೆರಾಲ್ಡ್ ಡರೆಲ್ ಎಂಬವರು ಕೆಲವು ಹಲ್ಲಿಗಳನ್ನು ಜರ್ಸಿಗೆ ಒಯ್ದು ಸಾಕಿದರು. ಆದರೂ ಮನೆ ನಾಶವಾದ ಮೇಲೆ ಪರದೇಶದ ಪೋಷಣೆಯಿಂದ ಕುಲವು ಎಷ್ಟು ದಿನ ನಿಂತೀತು? ಕಡೆಗೆ 1979ರಲ್ಲಿ ಆಡುಗಳನ್ನೂ 1986ರಲ್ಲಿ ಮೊಲಗಳನ್ನೂ ನಿರ್ಮೂಲ ಮಾಡಲಾಯಿತು. ತಾಳೆಯ ಸಸಿಗಳು ಮತ್ತೆ ತಲೆಯೆತ್ತಿದವು, ಹಲ್ಲಿಗಳೂ ಹೆಚ್ಚಿದವು. 2010ರಲ್ಲಿ ಕೆಲವನ್ನು ಐಲ್ ಓ ಏಗ್ರೆತ್ ಎಂಬ ಮತ್ತೊಂದು ಕಿರುದ್ವೀಪಕ್ಕೆ ಸಾಗಿಸಿದರು.

ಅಹಿಂಸೆಯನ್ನು ಪರಮಧರ್ಮವೆಂದು ಕಲಿತ ನಮಗೆ ಇಲ್ಲಿ ಒಂದು ಸಂಕಟವುಂಟು. ಒಂದು ಹಲ್ಲಿಗಾಗಿ ನಿರಪರಾಧಿಗಳಾದ ಆಡುಗಳನ್ನೂ ಮೊಲಗಳನ್ನೂ ಕೊಲ್ಲಬಹುದೇ? ಅವು ತಾವಾಗಿ ಬಂದವಲ್ಲ. ಹಸಿದು ತಿಂದದ್ದು ಅವುಗಳ ತಪ್ಪೂ ಅಲ್ಲ. ಆದರೆ ಕೈಕಟ್ಟಿ ಕುಳಿತಿದ್ದರೆ ತಾಳೆ, ಮಣ್ಣು, ಹಲ್ಲಿ ಎಲ್ಲವೂ ಅಳಿದು, ಕೊನೆಗೆ ಆ ಮೊಲಗಳಿಗೂ ಮೇವು ಉಳಿಯುತ್ತಿರಲಿಲ್ಲ. ಆದುದರಿಂದ ಆ ಕಾರ್ಯವು ಯುಕ್ತವೆಂದೇ ನನ್ನ ಅಭಿಪ್ರಾಯ. ಆದರೆ ಅದು ಪಾಪರಹಿತವೆಂದು ಹೇಳಲಾರೆ. ಅದರ ಭಾರವು ಕೊಂದವರಿಗಿಂತ ಮೊದಲು, ಮುಂದೇನಾದೀತೆಂದು ಯೋಚಿಸದೆ ಅವನ್ನು ಅಲ್ಲಿ ಬಿಟ್ಟವರ ಮೇಲಿದೆ.