ಬೇಡವಾದ ಸ್ವತ್ತು: ಯುದ್ಧಾನಂತರದ ಅಮೇರಿಕದ ಕಾಯಿದೆಗಳೂ ಕಾನ್ಪುರದ ವಿಮಾನಗಳೂ

ರಾಜ್ಯಗಳು ಸ್ವತ್ತನ್ನು ಹೇಗೆ ಸಂಪಾದಿಸಿದುವೆಂಬುದನ್ನು ಇತಿಹಾಸಕಾರರು ವಿಸ್ತಾರವಾಗಿ ಬರೆದಿದ್ದಾರೆ. ಕಂದಾಯ, ಸುಂಕ, ಕಪ್ಪ, ಜಪ್ತಿ ಇವುಗಳ ಚರಿತ್ರೆಗೆ ಕೊರತೆಯಿಲ್ಲ. ಆದರೆ ಹಾಗೆ ಸಂಪಾದಿಸಿದ ಸ್ವತ್ತು ಬೇಡವಾದಾಗ ಸರ್ಕಾರವು ಅದನ್ನು ಹೇಗೆ ವಿಲೇವಾರಿ ಮಾಡುತ್ತದೆಂಬ ವಿಷಯವು ಉಗ್ರಾಣದ ಗುಮಾಸ್ತರಿಗೆ ಮಾತ್ರ ಸಂಬಂಧಿಸಿದುದೆಂಬಂತೆ ಉಳಿದುಬಂದಿದೆ. ಈ ಉಪೇಕ್ಷೆ ಸಮಂಜಸವಲ್ಲ. ಒಂದು ವಸ್ತು ಬೇಡವೆಂದು ಹೇಳುವ ಅಧಿಕಾರ ಯಾರದು, ಒಬ್ಬರಿಗೆ ಬೇಡವಾದದ್ದು ಎಲ್ಲರಿಗೂ ಬೇಡವೆಂದು ಯಾವಾಗ ಎಣಿಸಬಹುದು ಎಂಬ ಪ್ರಶ್ನೆಗಳು ಇಲ್ಲಿ ಅಡಗಿವೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೇರಿಕ ಸಂಯುಕ್ತ ಸಂಸ್ಥಾನವು ಈ ಪ್ರಶ್ನೆಗಳನ್ನು ಅಪೂರ್ವ ಪ್ರಮಾಣದಲ್ಲಿ ಎದುರಿಸಬೇಕಾಯಿತು. ಅದರ ಒಂದು ಎಳೆ ನಮ್ಮ ಬೆಂಗಳೂರಿನವರೆಗೂ ಬಂದಿರುವುದರಿಂದ ಈ ವಿವೇಚನೆ ನಮಗೆ ಕೇವಲ ಪರದೇಶದ ವಾರ್ತೆಯಲ್ಲ.

ಯುದ್ಧವು ಇನ್ನೂ ಮುಗಿಯದಿರುವಾಗಲೇ, 1944ರ ಅಕ್ಟೋಬರ್ 3ರಂದು, ಅಮೇರಿಕದಲ್ಲಿ ಮಿಗತೆ ಸ್ವತ್ತಿನ ಕಾಯಿದೆ ಜಾರಿಗೆ ಬಂದಿತು. ಅದರ ಉದ್ದೇಶಗಳ ಪಟ್ಟಿಯನ್ನು ಓದಿದರೆ ಶಾಸಕರ ಸದಿಚ್ಛೆಯೂ ಗೊಂದಲವೂ ಒಟ್ಟಿಗೇ ಕಾಣುತ್ತವೆ. ಬೊಕ್ಕಸಕ್ಕೆ ನ್ಯಾಯವಾದ ಬೆಲೆ ಬರಬೇಕು, ಆದರೆ ಯುದ್ಧದಿಂದ ಹಿಂದಿರುಗಿದ ಸೈನಿಕನಿಗೂ ಸಣ್ಣ ವ್ಯಾಪಾರಿಗೂ ರೈತನಿಗೂ ಅವಕಾಶ ದೊರೆಯಬೇಕು, ಏಕಸ್ವಾಮ್ಯ ಬೆಳೆಯಬಾರದು, ದಲ್ಲಾಳಿಗಳು ಲಾಭ ಹೊಡೆಯಬಾರದು, ಇಷ್ಟೆಲ್ಲ ಆದರೂ ಕೆಲಸ ಬೇಗ ಮುಗಿಯಬೇಕು. ಇವೆಲ್ಲವನ್ನೂ ಏಕಕಾಲದಲ್ಲಿ ಸಾಧಿಸುವುದು ಯಾರಿಂದಲೂ ಆಗುವ ಕೆಲಸವಾಗಿರಲಿಲ್ಲ. ಮೊದಲು ಮೂವರು ಸದಸ್ಯರ ಮಂಡಳಿ, 1945ರಲ್ಲಿ ಅದರ ಬದಲು ಒಬ್ಬನೇ ಆಡಳಿತಾಧಿಕಾರಿ, 1946ರಲ್ಲಿ ಯುದ್ಧಸ್ವತ್ತುಗಳ ಆಡಳಿತವೆಂಬ ಬೇರೊಂದು ಸಂಸ್ಥೆ, ಹೀಗೆ ಎರಡು ವರ್ಷಗಳೊಳಗೆ ವ್ಯವಸ್ಥೆ ಮತ್ತೆ ಮತ್ತೆ ಬದಲಾಯಿತು.

ಸಮುದ್ರದಾಚೆ ಬಿದ್ದಿದ್ದ ಸರಕಿನ ಕಥೆ ಬೇರೆ. ಅದನ್ನು ತವರಿಗೆ ಸಾಗಿಸುವ ವೆಚ್ಚವೇ ಅದರ ಬೆಲೆಯನ್ನು ಮೀರುವಂತಿತ್ತು. ಅಲ್ಲಿಯೇ ಮಾರೋಣವೆಂದರೆ ಕೊಳ್ಳುವ ದೇಶಗಳ ಬಳಿ ಡಾಲರುಗಳಿರಲಿಲ್ಲ. ಅರ್ಕಾನ್ಸಾ ಪ್ರಾಂತದ ಸೆನೆಟರ್ ಫುಲ್‌ಬ್ರೈಟರು ಇದಕ್ಕೊಂದು ದಾರಿಯನ್ನು ಸೂಚಿಸಿದರು. ಆಯಾ ದೇಶವು ತನ್ನ ನಾಣ್ಯದಲ್ಲಿಯೇ ಹಣ ಸಲ್ಲಿಸಲಿ, ಆ ಹಣ ವಿದ್ವಾಂಸರ ಮತ್ತು ವಿದ್ಯಾರ್ಥಿಗಳ ವಿನಿಮಯಕ್ಕೆ ವಿನಿಯೋಗವಾಗಲಿ ಎಂಬುದು ಅವರ ಯೋಜನೆ. 1946ರ ಆಗಸ್ಟ್ 1ರಂದು ಅಂಗೀಕೃತವಾದ ಆ ಶಾಸನವು ರೂಪದಲ್ಲಿ ಸ್ವತಂತ್ರ ವಿದ್ಯಾಶಾಸನವಲ್ಲ, 1944ರ ಕಾಯಿದೆಗೆ ಮಾಡಿದ ತಿದ್ದುಪಡಿ ಎಂಬುದನ್ನು ಗಮನಿಸಬೇಕು. 1950ರ ಫೆಬ್ರವರಿ 2ರಂದು ನೆಹರೂ ಅವರೂ ಅಮೇರಿಕದ ರಾಯಭಾರಿ ಲಾಯ್ ಹೆಂಡರ್ಸನ್ನರೂ ಸಹಿ ಹಾಕಿದ ಒಪ್ಪಂದದ ಮೂಲಕ ಭಾರತವೂ ಈ ಯೋಜನೆಯೊಳಗೆ ಸೇರಿತು. ನಮ್ಮ ಕಾಲೇಜುಗಳಿಂದ ಫುಲ್‌ಬ್ರೈಟ್ ವೇತನ ಪಡೆದು ಹೋಗಿಬಂದ ಅಧ್ಯಾಪಕರಲ್ಲಿ ಎಷ್ಟು ಮಂದಿಗೆ ಆ ವೇತನದ ಮೂಲವು ಯುದ್ಧದ ಹಳೆಯ ಸಾಮಾನಿನಲ್ಲಿದೆಯೆಂಬುದು ಗೊತ್ತಿದ್ದೀತು!

ಇದಕ್ಕೆ ತೀರ ವಿರುದ್ಧವಾದ ನಿದರ್ಶನ ಕಾನ್ಪುರದ್ದು. 1941ರ ಮಾರ್ಚಿಯ ಸಾಲ–ಗೇಣಿ ಕಾಯಿದೆಯಂತೆ ಅಮೇರಿಕವು ಬ್ರಿಟನ್ನಿಗೆ ಒದಗಿಸಿದ ಲಿಬರೇಟರ್ ಬಾಂಬರುಗಳು ಯುದ್ಧಾಂತ್ಯದಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಕಾನ್ಪುರದ ಚಕೇರಿ ವಿಮಾನನಿಲ್ದಾಣದಲ್ಲಿ ಕಲೆತಿದ್ದುವು. ಒಡೆತನ ಅಮೇರಿಕದ್ದು, ಸ್ವಾಧೀನ ಬ್ರಿಟಿಷ್ ವಾಯುಪಡೆಯದು. ಒಡೆಯನಿಗೆ ಅವು ಬೇಡ. ಅನುಭೋಗಿಗೆ ಇನ್ನೊಬ್ಬರಿಗೆ ಕೊಡುವ ಹಕ್ಕಿಲ್ಲ. ಆದಕಾರಣ ಅವನ್ನು ನಿರುಪಯುಕ್ತಗೊಳಿಸುವುದೆಂದಾಯಿತು. ಯಂತ್ರಗಳಿಗೆ ಮರಳು ಸುರಿದರೆಂದೂ ಉಪಕರಣಗಳನ್ನು ಒಡೆದರೆಂದೂ ವೃತ್ತಾಂತಗಳುಂಟು. ಒಟ್ಟಿನಲ್ಲಿ ಅವು ಗುಜರಿಯಾಗಿ ಉಳಿದುವು.

ಅದೇ ವೇಳೆಗೆ, 1947–48ರ ಕಾಶ್ಮೀರ ಯುದ್ಧದಲ್ಲಿ, ಭಾರತದ ವಾಯುಪಡೆಗೆ ಭಾರಿ ಬಾಂಬರುಗಳೇ ಇರಲಿಲ್ಲ. ಸಾಮಾನು ಸಾಗಿಸುವ ಡಕೋಟಾಗಳಿಂದ ಕೈಯಿಂದಲೇ ಬಾಂಬುಗಳನ್ನು ಹೊರಕ್ಕೆ ತಳ್ಳಬೇಕಾಯಿತು. ಆಗ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಕಾನ್ಪುರದ ಗುಜರಿಯತ್ತ ಕಣ್ಣು ಹಾಕಿದರು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ ಈ ಕಾರ್ಖಾನೆಗೆ ಯುದ್ಧಕಾಲದಲ್ಲಿ ಅಮೇರಿಕದ ವಿಮಾನಗಳನ್ನು ದುರಸ್ತಿ ಮಾಡಿದ ಅನುಭವವಿತ್ತು. ಮುರಿದ ಒಂದರಿಂದ ಕಳಚಿ ಇನ್ನೊಂದಕ್ಕೆ ಜೋಡಿಸಿ, ಹೇಗೋ ಹಾರಬಲ್ಲಷ್ಟು ಮಟ್ಟಿಗೆ ಸರಿಪಡಿಸಿದ ವಿಮಾನಗಳನ್ನು ಕಾರ್ಖಾನೆಯ ಪರೀಕ್ಷಾ ವೈಮಾನಿಕ ಜಂಷೆಡ್ ಮುನ್ಷಿಯವರು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವುಗಳ ಪೂರ್ಣ ಜೀರ್ಣೋದ್ಧಾರ ನಡೆಯಿತು. ಹೀಗೆ ನಲವತ್ತರಷ್ಟು ವಿಮಾನಗಳು ಮರುಜೀವ ಪಡೆದುವು. 1948ರ ನವೆಂಬರಿನಲ್ಲಿ ಅವುಗಳಿಂದಲೇ ವಾಯುಪಡೆಯ 5ನೆಯ ಸ್ಕ್ವಾಡ್ರನ್ ರಚಿತವಾಯಿತು. 1968ರವರೆಗೂ ಲಿಬರೇಟರುಗಳು ಭಾರತದ ಸೇವೆಯಲ್ಲಿದ್ದುವು. ತರುವಾಯ ಅವುಗಳಲ್ಲೊಂದನ್ನು ಲಂಡನ್ನಿನ ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯವೇ ಭಾರತದಿಂದ ಕಾಣಿಕೆಯಾಗಿ ಸ್ವೀಕರಿಸಿತು. ಅದಕ್ಕೆ ಟೀಕೆ ಬೇಕಿಲ್ಲ.

ಅಮೇರಿಕದವರು ತಮ್ಮ ಅನುಭವದಿಂದ ಕಲಿತ ಪಾಠವು 1949ರ ಜೂನ್ 30ರ ಸಂಯುಕ್ತ ಸ್ವತ್ತಿನ ಕಾಯಿದೆಯಲ್ಲಿ ಕಾಣುತ್ತದೆ. ಮಾಜಿ ಅಧ್ಯಕ್ಷ ಹೂವರರ ಆಯೋಗದ ಸಲಹೆಯನ್ನನುಸರಿಸಿ ಸಾಮಾನ್ಯ ಸೇವೆಗಳ ಆಡಳಿತವೆಂಬ ಕೇಂದ್ರ ಸಂಸ್ಥೆ ಹುಟ್ಟಿತು. ಕಾಯಿದೆಯ ಜೀವಾಳವಿರುವುದು ಎರಡು ವ್ಯಾಖ್ಯೆಗಳಲ್ಲಿ. ತನ್ನ ಕಾರ್ಯಕ್ಕೆ ಬೇಡವೆಂದು ಒಂದು ಇಲಾಖೆಯ ಮುಖ್ಯಸ್ಥನು ತೀರ್ಮಾನಿಸಿದ ಸ್ವತ್ತು ‘ಹೆಚ್ಚುವರಿ’. ಸರ್ಕಾರದ ಯಾವ ಇಲಾಖೆಗೂ ಬೇಡವೆಂದು ಕೇಂದ್ರ ಸಂಸ್ಥೆಯು ತೀರ್ಮಾನಿಸಿದ ಮೇಲೆ ಮಾತ್ರ ಅದು ‘ಮಿಗತೆ’. ಮೊದಲನೆಯ ತೀರ್ಮಾನದಿಂದ ಎರಡನೆಯದು ತಾನಾಗಿ ಫಲಿಸುವುದಿಲ್ಲ. ನಡುವೆ ವರದಿಯೂ ಇತರ ಇಲಾಖೆಗಳ ವಿಚಾರಣೆಯೂ ನಡೆಯಬೇಕು. ಮಿಗತೆಯಾದ ಮೇಲೂ ಶಾಲೆ ಆಸ್ಪತ್ರೆಗಳಿಗೆ ದಾನ ಮಾಡುವ ಅವಕಾಶವುಂಟು. ಹರಾಜು ಬರುವುದು ಆ ಬಳಿಕ. ನಾಶ ಮಾಡುವುದಕ್ಕಾದರೋ, ವಸ್ತುವಿಗೆ ಮಾರುಕಟ್ಟೆಯ ಬೆಲೆಯೇ ಇಲ್ಲ, ಅಥವಾ ಕಾಯುವ ವೆಚ್ಚ ಬರುವ ಬೆಲೆಯನ್ನು ಮೀರುತ್ತದೆ ಎಂದು ತೋರಿಸಬೇಕು.

ಆದರೆ ಈ ಯಂತ್ರವೆಲ್ಲ ತಿರುಗುವುದು ವರದಿಯೆಂಬ ಒಂದು ಕೀಲಿನ ಮೇಲೆ. ತನ್ನ ಸ್ವತ್ತನ್ನು ಸತತವಾಗಿ ಪರಿಶೀಲಿಸಿ ಹೆಚ್ಚುವರಿಯಾದುದನ್ನು ಕೂಡಲೆ ವರದಿ ಮಾಡತಕ್ಕದ್ದೆಂದು ಕಾಯಿದೆ ಪ್ರತಿ ಇಲಾಖೆಗೂ ವಿಧಿಸಿತು. ಮಾಡುವವನಿಗೆ ಪ್ರಯೋಜನವೇನು? ಮಾರಾಟದ ಹಣ ಸಾಮಾನ್ಯವಾಗಿ ಬೊಕ್ಕಸಕ್ಕೆ ಹೋಗುತ್ತದೆ, ಇಲಾಖೆಗಲ್ಲ. ಕೊಟ್ಟ ಮೇಲೆ ನಾಳೆ ಬೇಕಾದರೆ ಜವಾಬು ಹೇಳಬೇಕಾದವನು ಅದೇ ಅಧಿಕಾರಿ. ಇಟ್ಟುಕೊಂಡವನನ್ನು ಕೇಳುವವರಿಲ್ಲ. ಅಮೇರಿಕದ ಲೆಕ್ಕಪರಿಶೋಧನ ಕಚೇರಿಯು 2003ರಲ್ಲಿ ಸರ್ಕಾರಿ ಕಟ್ಟಡಗಳ ನಿರ್ವಹಣೆಯನ್ನು ಅಪಾಯಕಾರಿ ವಿಷಯಗಳ ಪಟ್ಟಿಗೆ ಸೇರಿಸಿದುದಕ್ಕೆ ಬೇಡವಾದ ಕಟ್ಟಡಗಳು ಉಳಿದಿರುವುದೂ ಅವುಗಳ ಲೆಕ್ಕ ನಂಬತಕ್ಕದ್ದಲ್ಲದಿರುವುದೂ ಮುಖ್ಯ ಕಾರಣಗಳಾಗಿದ್ದುವು. ಡೆಡ್ ಸ್ಟಾಕ್ ರಿಜಿಸ್ಟರನ್ನು ಒಮ್ಮೆಯಾದರೂ ತಾಳೆ ನೋಡಿದ ಅಧ್ಯಾಪಕರಿಗೆ ಇದರಲ್ಲಿ ಆಶ್ಚರ್ಯವಿರಲಾರದು.

ನಮ್ಮ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೊಡನೆ ಇದನ್ನು ಹೋಲಿಸಬಹುದು. ಅಲ್ಲಿಯ 217ನೆಯ ನಿಯಮದಂತೆ ಸಚಿವಾಲಯಕ್ಕೆ ಅಥವಾ ಇಲಾಖೆಗೆ ಉಪಯೋಗವಿಲ್ಲದ ವಸ್ತುವನ್ನು ಮಿಗತೆ, ಹಳತು ಅಥವಾ ನಿರುಪಯುಕ್ತವೆಂದು ಘೋಷಿಸಬಹುದು. ಕಾರಣಗಳನ್ನು ದಾಖಲಿಸಬೇಕು, ನಿಗದಿಯಾದ ನಮೂನೆಯಲ್ಲಿ ವರದಿ ಸಿದ್ಧವಾಗಬೇಕು. ಆಮೇಲೆ ಬೆಲೆಗೆ ತಕ್ಕಂತೆ ಟೆಂಡರು, ಹರಾಜು ಇತ್ಯಾದಿ. ಹರಾಜಿನಲ್ಲಿ ಮೋಸವಾಗದಂತೆ ನೋಡಿಕೊಳ್ಳುವ ಎಚ್ಚರ ಇಲ್ಲಿ ಚೆನ್ನಾಗಿದೆ. ಆದರೆ ಘೋಷಣೆಗೆ ಒರೆಗಲ್ಲು ಆಯಾ ಇಲಾಖೆಯ ಅಗತ್ಯ ಮಾತ್ರ. 1949ರ ಕಾಯಿದೆಯಲ್ಲಿ ಹೆಚ್ಚುವರಿಗೂ ಮಿಗತೆಗೂ ನಡುವೆ ಇಟ್ಟ ಮೆಟ್ಟಿಲು ಈ ವ್ಯಾಖ್ಯೆಯಲ್ಲಿಲ್ಲ.