ಉಮೇದು ಆಮೇಲೆ ಬರುತ್ತದೆ

ಉತ್ತರ ಕನ್ನಡದ ಅಣಶಿ, ಜೊಯಿಡಾ, ಹಳಿಯಾಳದ ಕಡೆ ಮನಸ್ಸು ಕುಗ್ಗಿದವರ ಬಾಯಲ್ಲಿ ‘ಖಿನ್ನತೆ’ ಎಂಬ ಪದ ಬರುವುದು ಅಪರೂಪ. ‘ಯಾವುದಕ್ಕೂ ಉಮೇದಿಲ್ಲ’ ಎನ್ನುತ್ತಾರೆ. ಏಳಲು, ತಲೆ ಬಾಚಿಕೊಳ್ಳಲು, ಹೊತ್ತಿಗೆ ಸರಿಯಾಗಿ ಉಣ್ಣಲು ಉಮೇದಿಲ್ಲ. ಉಮೇದು ಬರಲಿ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಆ ಸಮಾಧಾನದಲ್ಲಿ ಒಂದು ಕ್ರಮ ಅಡಗಿದೆ: ಮೊದಲು ಮನಸ್ಸು ಸರಿಯಾಗಬೇಕು, ನಂತರ ಮೈ ಏಳಬೇಕು. ಕಳೆದ ಐವತ್ತು ವರ್ಷಗಳ ಅಧ್ಯಯನ ಹಂತಹಂತವಾಗಿ ತಲೆಕೆಳಗು ಮಾಡಿದ್ದು ಈ ಕ್ರಮವನ್ನೇ. ಖಿನ್ನತೆಯಲ್ಲಿ ಉಮೇದು ಕೆಲಸದ ಮುಂದೆ ನಡೆಯುವುದಿಲ್ಲ, ಕೆಲಸದ ಹಿಂದೆ ಬರುತ್ತದೆ. ಕಾಯುತ್ತ ಕೂತಷ್ಟೂ ಅದು ದೂರವಾಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಫರ್ಸ್ಟರ್ 1973ರಲ್ಲಿ ಖಿನ್ನತೆಯನ್ನು ನಡವಳಿಕೆಯ ಕಡೆಯಿಂದ ನೋಡಿದರು. ಸಂತೋಷ ಕೊಡುತ್ತಿದ್ದ ಕೆಲಸಗಳು ಒಂದೊಂದಾಗಿ ಬಿಟ್ಟುಹೋಗುತ್ತವೆ, ಬಿಟ್ಟುಹೋದಂತೆ ಸಂತೋಷದ ದಾರಿಗಳು ಮುಚ್ಚುತ್ತವೆ, ಮುಚ್ಚಿದ್ದರಿಂದ ಇನ್ನಷ್ಟು ಬಿಟ್ಟುಹೋಗುತ್ತವೆ. ಪೀಟರ್ ಲೆವಿನ್ಸನ್ ಅದೇ ದಶಕದಲ್ಲಿ ಇದನ್ನು ಚಿಕಿತ್ಸೆಯಾಗಿ ಬೆಳೆಸಿದರು. ಅಷ್ಟರಲ್ಲಿ ಆರನ್ ಬೆಕ್ ಅವರ ಚಿಂತನೆ ತಿದ್ದುವ ಚಿಕಿತ್ಸೆ ಮುಂದೆ ಬಂದು, ನಡವಳಿಕೆಯ ಭಾಗ ಅದರ ಒಂದು ಅಂಗವಾಗಿ ಉಳಿಯಿತು. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಆ ಅಂಗವನ್ನಷ್ಟೇ ಬೇರ್ಪಡಿಸಿ ಪರೀಕ್ಷಿಸಿದಾಗ, ಅದೊಂದೇ ಇಡೀ ಚಿಕಿತ್ಸೆಗೆ ಸಮನಾಗಿ ಕೆಲಸ ಮಾಡಿತು. ಕರ್ನಾಟಕದ ದಾರಿ ಬೇರೆಯಿತ್ತು. 1974ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ರೂಪುಗೊಂಡಿತು. ಸಕಲವಾರದಲ್ಲಿ ಅದರ ಗ್ರಾಮೀಣ ಪ್ರಯೋಗ ನಡೆಯಿತು, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟ ಮಾದರಿ ಬಂತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಬಳ್ಳಾರಿ ಮಾದರಿಯಿಂದ. ಇವೆಲ್ಲದರ ಒತ್ತು ಕಾಯಿಲೆ ಗುರುತಿಸುವುದು, ಮಾತ್ರೆ ತಲುಪಿಸುವುದು. ಮಾತ್ರೆಯೇ ಸಿಗದ ಊರಿಗೆ ಅದು ದೊಡ್ಡ ಉಪಕಾರ. ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ನೂರಾರು ಪುಸ್ತಕಗಳ ಮೂಲಕ ಕನ್ನಡದಲ್ಲೇ ಮನಸ್ಸಿನ ಕಾಯಿಲೆಗೆ ಮಾತು ಕೊಟ್ಟರು. ಆದರೂ ‘ಚೆನ್ನಾಗಿ ಊಟ ಮಾಡಿ, ವ್ಯಾಯಾಮ ಮಾಡಿ’ ಎಂಬುದು ಔಷಧ ಚೀಟಿಯ ಕೊನೆಯ ಸಾಲಾಗಿಯೇ ಉಳಿಯಿತು. ಹೇಗೆ ಮಾಡಬೇಕು ಎಂಬುದನ್ನು ಜೊತೆ ಕೂತು ಹೇಳಿಕೊಟ್ಟವರು ವಿರಳ.

ಹಾಗೆ ಜೊತೆ ಕೂತ ಪ್ರಯೋಗ ನಡೆದದ್ದು ಅಣಶಿಯ ನೆರೆಯಲ್ಲೇ, ಗಡಿಯಾಚೆ ಗೋವೆಯಲ್ಲಿ. 1996ರಲ್ಲಿ ಆರಂಭವಾದ ‘ಸಂಗಾತ್’ ಸಂಸ್ಥೆ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ತೀವ್ರವಾಗಿದ್ದವರಿಗೆ ಆರರಿಂದ ಎಂಟು ಭೇಟಿಗಳ ಚಿಕಿತ್ಸೆ ಕೊಟ್ಟಿತು. ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರು. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಮೂರು ತಿಂಗಳಲ್ಲಿ ಈ ಗುಂಪಿನ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಎಂದಿನ ಆರೈಕೆಯಷ್ಟೇ ಪಡೆದವರಲ್ಲಿ ಅದು ಶೇ. 39. ವಿಧಾನದ ಜೀವಾಳ ಒಂದು ಹಾಳೆ. ದಿನದ ಯಾವ ಹೊತ್ತಿನಲ್ಲಿ ಏನು ಮಾಡಿದೆ, ಆಗ ಮನಸ್ಸು ಹೇಗಿತ್ತು ಎಂದು ಅದರಲ್ಲಿ ಗುರುತು ಹಾಕುವುದು. ಘಟ್ಟದ ಮೇಲಿನ ಒಬ್ಬ ಹೆಂಗಸಿನ ಹಾಳೆಯನ್ನು ಊಹಿಸಿಕೊಳ್ಳಿ: ಬೆಳಿಗ್ಗೆ ಒಲೆ, ಕೊಟ್ಟಿಗೆ — ಮನಸ್ಸು ಮಂಕು. ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಮಲಗಿದ್ದು — ಇನ್ನೂ ಮಂಕು. ಸಂಜೆ ಹಿತ್ತಲಲ್ಲಿ ಕೆಸುವಿನ ಬುಡಕ್ಕೆ ಮಣ್ಣೇರಿಸಿದ್ದು, ಪಕ್ಕದ ಮನೆಯವಳು ಬಂದು ಮಾತಾಡಿದ್ದು — ತುಸು ಹಗುರ. ಆ ‘ತುಸು ಹಗುರ’ವೇ ಚಿಕಿತ್ಸೆಯ ತುದಿನೂಲು. ನಾಳೆ ಮಲಗುವ ಹೊತ್ತಿನಲ್ಲಿ ಹತ್ತು ನಿಮಿಷ ಹಿತ್ತಲಿಗೆ ಹೋಗುವುದು, ಮನಸ್ಸಿದ್ದರೂ ಇಲ್ಲದಿದ್ದರೂ. ಅದಕ್ಕಿಂತ ದೊಡ್ಡ ಗುರಿಯನ್ನು ಮೊದಲ ವಾರ ಇಡುವುದೇ ಇಲ್ಲ.

ಇಲ್ಲೊಂದು ಆಕ್ಷೇಪ ನ್ಯಾಯವಾಗಿಯೇ ಏಳುತ್ತದೆ. ಕಟ್ಟಿಗೆ ಹೊತ್ತು, ಗದ್ದೆ ನೆಟ್ಟು, ಬಸ್ಸಿಗಾಗಿ ಮೈಲುಗಟ್ಟಲೆ ನಡೆಯುವ ಕುಣಬಿ ಸಮುದಾಯದ ಹೆಂಗಸಿಗೆ ವ್ಯಾಯಾಮದ ಮಾತು ಹೇಳುವುದು ಅನ್ಯಾಯವಲ್ಲವೇ? ಮೈ ದುಡಿದರೆ ಮನಸ್ಸು ಗೆಲುವಾಗುವುದಾದರೆ ಅಲ್ಲಿ ಖಿನ್ನತೆಯೇ ಇರಬಾರದಿತ್ತು. ಈ ಪ್ರಶ್ನೆಗೆ ಸಂಶೋಧನೆ ಕೊಡುವ ಉತ್ತರವನ್ನು ನಮ್ಮಲ್ಲಿ ಗಟ್ಟಿಯಾಗಿ ಹೇಳಿದ್ದು ಕಡಿಮೆ. ಬಿಡುವಿನಲ್ಲಿ ತಾನಾಗಿ ಆರಿಸಿಕೊಂಡ ಚಟುವಟಿಕೆ ಇರುವವರಲ್ಲಿ ಖಿನ್ನತೆ ಕಡಿಮೆ ಕಾಣುತ್ತದೆ. ದುಡಿಮೆಯ ಶ್ರಮಕ್ಕೆ ಆ ನಂಟಿಲ್ಲ, ಕೆಲವೆಡೆ ನಂಟು ತಿರುಗಾಮುರುಗಾ ಆಗಿದೆ. ಅಂದರೆ ಎಷ್ಟು ಬೆವರು ಹರಿಯಿತು ಎಂಬುದಷ್ಟೇ ಲೆಕ್ಕವಲ್ಲ, ಆ ಹೊತ್ತು ಯಾರದಾಗಿತ್ತು ಎಂಬುದೂ ಲೆಕ್ಕ. ದುಡಿಯುವ ಹೆಂಗಸಿಗೆ ಬೇಕಾದದ್ದು ಇನ್ನೊಂದು ಸುತ್ತು ನಡಿಗೆಯಲ್ಲ, ತನ್ನದೆನ್ನಿಸುವ ಅರ್ಧ ಗಂಟೆ. ಅದು ಹಾಡಾಗಬಹುದು, ಕುಣಿತವಾಗಬಹುದು, ನಿದ್ದೆಯೂ ಆಗಬಹುದು. ಹುಲಿ ಸಂರಕ್ಷಿತ ಕಾಡಿನ ಅಂಚಿನಲ್ಲಿ, ನಾಲ್ಕು ತಿಂಗಳು ಮಳೆ ಸುರಿಯುವ, ಉಂಬಳ ಹತ್ತುವ ದಾರಿಯಲ್ಲಿ, ‘ಬೆಳಿಗ್ಗೆ ಎದ್ದು ವಾಕಿಂಗ್ ಹೋಗಿ’ ಎನ್ನುವ ಸಲಹೆ ಬೆಂಗಳೂರಿನ ಉದ್ಯಾನದಲ್ಲಿ ಹುಟ್ಟಿದ್ದು.

ದೇಹದ ಕುರಿತ ನಾಚಿಕೆ ಈ ಕಥೆಗೆ ತಡವಾಗಿ ಸೇರಿತು. ತನ್ನ ದೇಹದ ಬಗ್ಗೆ ಮನಸ್ಸು ಕಟ್ಟಿಕೊಂಡ ಚಿತ್ರದ ಮೇಲೆ ಪೌಲ್ ಶಿಲ್ಡರ್ 1935ರಲ್ಲಿ ದೊಡ್ಡ ಗ್ರಂಥ ಬರೆದರೂ, ಮುಂದಿನ ದಶಕಗಳ ಅಧ್ಯಯನ ಹೆಚ್ಚಾಗಿ ಅತೃಪ್ತಿಯನ್ನೇ ಅಳೆಯಿತು. ದೇಹವನ್ನು ಮೆಚ್ಚಿಕೊಳ್ಳುವುದನ್ನೂ ಅಳೆಯುವ ಮಾಪನ ಬಂದದ್ದು 2005ರಲ್ಲಿ. ಇದು ಪಟ್ಟಣದ ತೆಳ್ಳನೆಯ ಹುಡುಗಿಯರ ಚಿಂತೆ ಎನ್ನುವವರು ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಮಕ್ಕಳನ್ನು ನೆನೆಯಬೇಕು. ಗುಂಗುರು ಕೂದಲು, ಕಪ್ಪು ಬಣ್ಣಕ್ಕಾಗಿ ಶಾಲೆಯಲ್ಲೂ ಸಂತೆಯಲ್ಲೂ ದಿಟ್ಟಿಸಿ ನೋಡಿಸಿಕೊಳ್ಳುವ ಮಗುವಿಗೆ ದೇಹದ ಚಿತ್ರವನ್ನು ಬರೆದುಕೊಡುವವರು ಬೇರೆಯವರು. ಹೀಗೆ ಕುಗ್ಗಿದವರ ಮುಂದೆ ತೂಕದ ಯಂತ್ರ ಇಟ್ಟು ‘ಇಳಿಸು’ ಎಂದರೆ ಅಭ್ಯಾಸ ಹುಟ್ಟುವುದಿಲ್ಲ, ಬಚ್ಚಿಟ್ಟುಕೊಳ್ಳುವುದು ಹುಟ್ಟುತ್ತದೆ. ಹಾಗಾದರೆ ಮೈ ಏನು ಮಾಡಬಲ್ಲದು ಎಂಬುದನ್ನು ನೋಡಿ ಎನ್ನುತ್ತಾರೆ ಈಚಿನ ಸಂಶೋಧಕರು. ಒಪ್ಪುವ ಮಾತೇ, ಆದರೆ ಪೂರ್ತಿ ಅಲ್ಲ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿಸಲು ಹೊರಟಿತ್ತು. ಅವರ ಮೈಗೆ ಮೊದಲ ಬಾರಿ ಮೆಚ್ಚುಗೆ ಸಿಕ್ಕಿತು, ಪದಕಗಳೂ ಬಂದವು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಾಗ ಮೆಚ್ಚುಗೆಯೂ ನಿಂತಿತು. ಮೈಯ ಸಾಮರ್ಥ್ಯವನ್ನು ಇನ್ನೊಬ್ಬರ ಪದಕಕ್ಕೆ ಕಟ್ಟಿದರೆ ಅದೂ ಇನ್ನೊಂದು ತೂಕದ ಯಂತ್ರವೇ. ಡೋಲು ಬಡಿದು ಸಿದ್ದಿಯರು ಡಮಾಮಿ ಕುಣಿಯುವಾಗ ಅದೇ ಮೈ ಯಾರ ಅಳತೆಗೂ ನಿಲ್ಲುವುದಿಲ್ಲ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗೆ ತೂಕ ಮುಖ್ಯವಲ್ಲವೇ? ಮುಖ್ಯ. ಅದನ್ನು ವೈದ್ಯರ ಕಡತದಲ್ಲಿ ಬರೆದಿಡಬಹುದು, ರೋಗಿಯ ದಿನದ ಹಾಳೆಯಲ್ಲಿ ಬೇಡ. ಜೊಯಿಡಾದಲ್ಲಿ ವರ್ಷವರ್ಷ ನಡೆಯುವ ಗೆಡ್ಡೆ ಗೆಣಸು ಮೇಳದಲ್ಲಿ ಕುಣಬಿಗಳು ಹೆಮ್ಮೆಯಿಂದ ಹರವಿಡುವ ಗೆಡ್ಡೆಗಳನ್ನು ಮೊದಲು ಪಥ್ಯದ ಪಟ್ಟಿಯಿಂದ ಹೊಡೆದುಹಾಕಿ, ಆಮೇಲೆ ಊಟದಲ್ಲಿ ಆಸಕ್ತಿ ತೋರಿಸು ಎನ್ನಲಾಗದು. ವ್ಯಾಯಾಮದ ಪುರಾವೆಗೂ ಮಿತಿ ಇದೆ. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ 218 ಪ್ರಯೋಗಗಳನ್ನು ಒಟ್ಟುಗೂಡಿಸಿ ನಡಿಗೆ, ಯೋಗ, ಭಾರ ಎತ್ತುವಿಕೆ ಖಿನ್ನತೆಗೆ ಒಳ್ಳೆಯದೆಂದಿತು, ಅನೇಕ ಪ್ರಯೋಗಗಳ ಗುಣಮಟ್ಟ ಸಾಲದೆಂದೂ ಹೇಳಿತು. ನಿಮ್ಹಾನ್ಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಸಿರಾಟದ ಯೋಗ ತೀವ್ರ ಖಿನ್ನತೆಯ 67 ಪ್ರತಿಶತ ರೋಗಿಗಳನ್ನು ಗುಣಮುಖರಾಗಿಸಿದರೆ, ವಿದ್ಯುತ್ ಚಿಕಿತ್ಸೆ 93 ಪ್ರತಿಶತ ಮಂದಿಯನ್ನು ಗುಣಪಡಿಸಿತ್ತು. ಆದ್ದರಿಂದ ಊಟ ಬಿಟ್ಟವರಿಗೆ, ಸಾವಿನ ಯೋಚನೆ ಬರುವವರಿಗೆ ಹಾಳೆಯೊಂದೇ ಸಾಲದು. ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಬರುವ ಮನೋವೈದ್ಯರು, 2022ರಿಂದ ಕನ್ನಡದಲ್ಲೂ ಮಾತಾಡುವ ಟೆಲಿ-ಮಾನಸ್‌ನ 14416 ಸಹಾಯವಾಣಿ ಸಂಖ್ಯೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇರುವುದು ಅವರಿಗಾಗಿ. ಮಾತ್ರೆ ನುಂಗುತ್ತಲೇ ಹಾಳೆ ತುಂಬುವುದಕ್ಕೂ ಅಡ್ಡಿಯಿಲ್ಲ. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ಹಿತ್ತಲಿನ ಹತ್ತು ನಿಮಿಷ ಇವತ್ತೇ ಸಂಜೆಗೆ ಇದೆ.