ಸ್ಫಟಿಕದೋಷವೂ ವಿದ್ಯುದ್ವಹನವೂ: ಅರೆಲೋಹಗಳ ಚರಿತ್ರೆಯಿಂದ ಒಂದು ವಿಚಾರ

ವಿಜ್ಞಾನದ ಇತಿಹಾಸವನ್ನು ಸಿದ್ಧಾಂತಗಳ ಇತಿಹಾಸವೆಂದೇ ಬರೆಯುವ ವಾಡಿಕೆ ಬಲವಾಗಿ ಬೇರೂರಿದೆ. ಪದಾರ್ಥವನ್ನು ಶುದ್ಧಗೊಳಿಸಿದವರ, ಸ್ಫಟಿಕವನ್ನು ಬೆಳೆಸಿದವರ ಪರಿಶ್ರಮಕ್ಕೆ ಅಲ್ಲಿ ದೊರೆಯುವ ಸ್ಥಾನ ಅತ್ಯಲ್ಪ. ಲೋಹ ಮತ್ತು ಅರೆಲೋಹಗಳಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಕುರಿತ ಶೋಧನೆಯ ಚರಿತ್ರೆಯನ್ನು ಪರಿಶೀಲಿಸಿದರೆ, ಈ ವಾಡಿಕೆ ಅಸಮರ್ಪಕವೆಂಬುದು ವ್ಯಕ್ತವಾಗುತ್ತದೆ.

1864ರಲ್ಲಿ ಮ್ಯಾಥಿಸೆನ್ ಮತ್ತು ಫೋಗ್ಟ್ ಮಿಶ್ರಲೋಹಗಳನ್ನು ಪರೀಕ್ಷಿಸಿ, ರೋಧದಲ್ಲಿ ಎರಡು ಭಾಗಗಳನ್ನು ಗುರುತಿಸಿದರು. ಒಂದು ಉಷ್ಣತೆಯೊಡನೆ ಏರಿಳಿಯುವುದು; ಇನ್ನೊಂದು ಬೆರಕೆಯಿಂದ ಬಂದು, ತಂಪಾಗಿಸಿದರೂ ಉಳಿಯುವುದು. ಈ ಅರಿವಿನ ಫಲವನ್ನು ಲೈಡನ್ ನಗರದ ಪ್ರಯೋಗಶಾಲೆಯಲ್ಲಿ ಕಾಣುತ್ತೇವೆ. 1911ರಲ್ಲಿ ಕಾಮರ್‌ಲಿಂಗ್ ಓನೆಸ್ ಪಾದರಸವನ್ನು ಆರಿಸಿಕೊಂಡದ್ದು, ಅದನ್ನು ಮತ್ತೆ ಮತ್ತೆ ಬಟ್ಟಿಯಿಳಿಸಿ ಶುದ್ಧಗೊಳಿಸಬಹುದೆಂಬ ಕಾರಣದಿಂದ. ಅತಿವಾಹಕತೆ ಮೊದಲು ಕಂಡುಬಂದದ್ದು ಆ ಪಾದರಸದಲ್ಲಿಯೇ. 1930ರಲ್ಲಿ ಅದೇ ನಗರದಲ್ಲಿ ಶೂಬ್ನಿಕೋವ್ ಮತ್ತು ಡಿ ಹಾಸ್, ಬಿಸ್ಮತ್ ಎಂಬ ಅರೆಲೋಹದ ರೋಧವು ಕಾಂತಕ್ಷೇತ್ರವನ್ನು ಹೆಚ್ಚಿಸಿದಂತೆ ಆಂದೋಲನಗೊಳ್ಳುವುದನ್ನು ಪ್ರಕಟಿಸಿದರು. ದೋಷಗಳಿಗೆ ತಾಗಿ ಚದುರುವ ಎಲೆಕ್ಟ್ರಾನು ಕಾಂತಕ್ಷೇತ್ರದಲ್ಲಿ ತನ್ನ ಸುತ್ತನ್ನು ಪೂರ್ಣಗೊಳಿಸಲಾರದು. ಶೂಬ್ನಿಕೋವ್ ಬೆಳೆಸಿದ ಅತಿಶುದ್ಧ ಸ್ಫಟಿಕವೇ ಆ ದರ್ಶನಕ್ಕೆ ಆಧಾರವಾಯಿತು.

ತೆಳುಪದರಗಳಲ್ಲಿ ಸಮಸ್ಯೆ ಇನ್ನಷ್ಟು ಜಟಿಲ. ಅಲ್ಲಿ ಪದರದ ಮೇಲ್ಮೈಯೇ ಎಲೆಕ್ಟ್ರಾನುಗಳನ್ನು ಚದುರಿಸುವುದನ್ನು ಫುಕ್ಸ್ 1938ರಲ್ಲಿ ಗಣಿತದಿಂದ ನಿರೂಪಿಸಿದನು. ಟೊಪೊಲಾಜಿಕಲ್ ಅರೆಲೋಹಗಳು ಬಂದಾಗ ಈ ತೊಡಕು ಸಡಿಲವಾದೀತೆಂಬ ನಿರೀಕ್ಷೆ ಸಹಜವಾಗಿತ್ತು. ಇವುಗಳಲ್ಲಿ ಎರಡು ಶಕ್ತಿಪಟ್ಟಿಗಳು ಕೆಲವು ಬಿಂದುಗಳಲ್ಲಿ ಸಂಧಿಸುತ್ತವೆ. ಎಲೆಕ್ಟ್ರಾನು ಬಂದ ದಾರಿಯಲ್ಲೇ ಹಿಮ್ಮರಳುವುದು ವಿರಳ. 2014ರಲ್ಲಿ ಈ ವರ್ಗಕ್ಕೆ ಸೇರಿದುದೆಂದು ಪ್ರಯೋಗದಿಂದ ತಿಳಿದುಬಂದ ಕ್ಯಾಡ್ಮಿಯಂ ಆರ್ಸೆನೈಡಿನ ಉತ್ತಮ ಸ್ಫಟಿಕದಲ್ಲಿ, 5 ಕೆಲ್ವಿನ್ ಉಷ್ಣತೆಯಲ್ಲಿ, ಎಲೆಕ್ಟ್ರಾನಿನ ಚಲನಶೀಲತೆ ವೋಲ್ಟ್-ಸೆಕೆಂಡಿಗೆ ಸುಮಾರು 90 ಲಕ್ಷ ಚದರ ಸೆಂಟಿಮೀಟರ್ ಎಂದು 2015ರಲ್ಲಿ ಪ್ರಕಟವಾಯಿತು. ಆದರೆ ಎಲ್ಲ ಸ್ಫಟಿಕಗಳೂ ಈ ಮಟ್ಟದವಾಗಿರಲಿಲ್ಲ. ತೆಳುಪದರಗಳಂತೂ ಬಹಳ ಕೆಳಗೆ ಉಳಿದವು.

ಇದಕ್ಕೆ ಕಾರಣ ಎರಡು ಬಗೆಯದು. ಪದರಕ್ಕೂ ಅದು ಬೆಳೆಯುವ ತಳಕ್ಕೂ ಪರಮಾಣುಗಳ ಅಂತರ ಹೊಂದದೆ ಹೋದಾಗ ಸಾಲುಗಳು ಜರುಗಿ, ಎಲೆಕ್ಟ್ರಾನುಗಳು ಚದುರುತ್ತವೆ. ಆರ್ಸೆನಿಕ್ಕಿನ ಪರಮಾಣು ಇರಬೇಕಾದಲ್ಲಿ ಇಲ್ಲದಿದ್ದರೆ, ಆ ಖಾಲಿ ತಾಣ ಹೆಚ್ಚಿನ ಎಲೆಕ್ಟ್ರಾನುಗಳನ್ನು ಒದಗಿಸುತ್ತದೆಂಬುದು ಸಾಮಾನ್ಯ ವಿವರಣೆ. ಆಗ ವಹನದಲ್ಲಿ ತೊಡಗುವ ಎಲೆಕ್ಟ್ರಾನುಗಳ ಶಕ್ತಿ ಆ ಸಂಧಿಬಿಂದುವಿನಿಂದ ದೂರ ಸರಿಯುತ್ತದೆ. ಮೊದಲನೆಯದು ಹರಿವನ್ನು ತಡೆಯುವುದು. ಎರಡನೆಯದು ನಾವು ಅರಸುವ ವಿಶೇಷ ಗುಣವನ್ನೇ ಮರೆಮಾಡುವುದು. ಇಲ್ಲಿ ಗಮನಿಸತಕ್ಕ ಸಂಗತಿ ಇನ್ನೊಂದುಂಟು. ಈ ಸ್ಫಟಿಕದ ಮೂಲವಿನ್ಯಾಸದಲ್ಲಿ ಕ್ಯಾಡ್ಮಿಯಂನ ತಾಣಗಳ ನಾಲ್ಕನೆಯ ಒಂದು ಭಾಗ ಕ್ರಮಬದ್ಧವಾಗಿ ಖಾಲಿಯಾಗಿಯೇ ಇದೆ. ಆದುದರಿಂದ ಖಾಲಿತನ ತಾನಾಗಿ ದೋಷವಲ್ಲ. ಕ್ರಮ ತಪ್ಪಿದ ಖಾಲಿತನವೇ ದೋಷ.

ಸಿದ್ಧಾಂತವು ಎಲೆಕ್ಟ್ರಾನಿಗೆ ನೀಡುವ ರಕ್ಷಣೆಗೆ ಮೇರೆಯುಂಟು. ಅದು ಗೋಚರಿಸುವುದು ಪದಾರ್ಥವನ್ನು ಸಿದ್ಧಪಡಿಸುವವರ ಕಾರ್ಯದಲ್ಲಿ. ಇಂತಹ ಶೋಧನೆಯ ಚರಿತ್ರೆಯನ್ನು ಬರೆಯಹೊರಟ ವಿದ್ಯಾರ್ಥಿಯು ಸೂತ್ರವನ್ನು ಯಾರು ಬರೆದರೆಂದು ಕೇಳುವುದರ ಜೊತೆಗೆ, ಸ್ಫಟಿಕವನ್ನು ಯಾರು, ಎಲ್ಲಿ, ಹೇಗೆ ಬೆಳೆಸಿದರೆಂಬುದನ್ನೂ ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ.